ಕುಂಬಾರ ಹುಳ ಕಟ್ಟಿದ ಮನೆ

ರಾಯಚೂರಿನ ನಮ್ಮ ಮನೆಗೆ ಮೊನ್ನೆ ಬಣ್ಣ ಬಳಿಯಲು ಬಂದವನು ಬಾಗಿಲ ಚೌಕಟ್ಟಿನ ಮೂಲೆಗೆ ಉಜ್ಜುಕಾಗದ ಒತ್ತಿದ್ದೇ ತಡ, ನಾನು ‘ತಡೀ!’ ಎಂದು ಕೂಗಿಬಿಟ್ಟೆ. ಅಲ್ಲೊಂದು ಕುಂಬಾರ ಹುಳ ಹೆಬ್ಬೆರಳ ಗಾತ್ರದ ಮಣ್ಣಿನ ಗೂಡು ಕಟ್ಟಿತ್ತು. ಪಾಪ, ಅವನು ಏಣಿಯಿಂದ ಬೀಳುವುದೊಂದು ಬಾಕಿ.

ಆ ಕೂಗಿನ ಮೂಲ ಎಪ್ಪತ್ತರ ದಶಕದ ದೇವದುರ್ಗದಲ್ಲಿದೆ. ಆಗ ನಾನು ಅಲ್ಲಿನ ಶಾಲೆಗೆ ಹೊಸದಾಗಿ ಬಂದ ವಿಜ್ಞಾನದ ಮಾಸ್ತರ. ಕೊರಳಲ್ಲಿ ಹಳೆಯ ದುರ್ಬೀನು, ಕಿಸೆಯಲ್ಲಿ ನೋಟ್‌ಬುಕ್ಕು. ಬೇವು ಹೂಬಿಡುವ ದಿನಗಳಲ್ಲಿ ಪ್ರತಿ ರವಿವಾರ ಸೈಕಲ್ ತುಳಿದು ಊರಾಚೆಯ ಕುರುಚಲು ಕಾಡಿಗೆ ಹೋಗಿ, ಬಿಸಿಲು ತಿಂದು, ನಾಲ್ಕು ಬೆಳವಕ್ಕಿ ನೋಡಿ ಬರುತ್ತಿದ್ದೆ. ನಾನು ಬಾಡಿಗೆಗಿದ್ದ ಮನೆಯ ಸೊಸೆ ಗಂಗವ್ವ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಲೇ ನನಗಿಂತ ಹೆಚ್ಚು ಕಂಡಿರುತ್ತಿದ್ದಳು.

‘ಸರ, ನೀವು ಅತ್ಲಾಗ ಹೋದ್ರಿ, ಇತ್ಲಾಗ ಚುಕ್ಕಿ ಕೋಗಿಲ ಬಂದಿತ್ತು!’

ಮದುವೆಯಾಗಿ ಒಂಬತ್ತು ವರ್ಷವಾದರೂ ಆಕೆಗೆ ಮಕ್ಕಳಿರಲಿಲ್ಲ. ಆ ಸಲ ನನ್ನ ಕೋಣೆಯ ಕಿಟಕಿಯ ಮೇಲೆ ಕುಂಬಾರ ಹುಳ ಗೂಡು ಕಟ್ಟಿದಾಗ ಆಕೆಯ ಅತ್ತೆ ಹಿಗ್ಗಿಬಿಟ್ಟಳು. ‘ಈ ಹುಳ ಗೂಡು ಕಟ್ಟಿದ ಮನ್ಯಾಗ ತೊಟ್ಲಾ ಕಟ್ತಾರ. ಮುಟ್ಟಬ್ಯಾಡ್ರಿ ಮಾಸ್ತರ.’ ಗಂಗವ್ವ ದಿನಾ ಮುಂಜಾನೆ ಕಸ ಹೊಡೆಯುವ ನೆಪದಲ್ಲಿ ಬಂದು ಅದನ್ನು ನೋಡಿ ಹೋಗುತ್ತಿದ್ದಳು.

ನನಗೋ ಹೊಸ ಮಾಸ್ತರಿಕೆಯ ಹುರುಪು. ಮೂಢನಂಬಿಕೆ ಕಳೆದೇ ತೀರುತ್ತೇನೆಂದು ಒಂದು ದಿನ ಆಕೆಯ ಎದುರೇ ಚಾಕುವಿನಿಂದ ಗೂಡು ಒಡೆದೆ. ಒಳಗೆ ಅಲುಗಾಡದ ಹಸಿರು ಹುಳುಗಳು, ಅವುಗಳ ನಡುವೆ ಅಕ್ಕಿಕಾಳಿನಷ್ಟು ಬಿಳಿಯ ಮರಿ. ‘ನೋಡವ್ವ, ತಾಯಿಹುಳ ಮರಿಗೆ ಬುತ್ತಿ ಕಟ್ಟಿಟ್ಟದ. ಇದಕ್ಕೂ ನಿನ್ನ ತೊಟ್ಲಕ್ಕೂ ಏನ್ ಸಂಬಂಧ?’ ಎಂದು ಪಾಠ ಸುರುಮಾಡಿದೆ.

ಆಕೆ ಬಾಗಿ ಒಡೆದ ಗೂಡಿನ ಚೂರುಗಳನ್ನು ಅಂಗೈಗೆ ಎತ್ತಿಕೊಂಡಳು.

‘ನನ್ನ ಮಾತು ಬಿಡ್ರಿ ಸರ. ಅದರ ಕೂಸು ಒಳಗಿತ್ತಲ್ರಿ.’

ನಾಚಿಕೆಯಿಂದ ನನ್ನ ಕಿವಿ ಬಿಸಿಯಾದವು. ಅಷ್ಟೆಲ್ಲ ಓದಿದ ನನಗೆ ಅದೊಂದು ಹೊಳೆದಿರಲಿಲ್ಲ.

ಮರುದಿನದಿಂದ ಗಂಗವ್ವ ಹಿತ್ತಲ ಮೂಲೆಗೆ ನೀರು ಚೆಲ್ಲಿ, ಹುಳಕ್ಕೆ ಗೂಡು ಕಟ್ಟಲು ಬೇಕಾದೀತೆಂದು ಮಣ್ಣು ಹಸಿ ಇಡತೊಡಗಿದಳು. ವಾರದೊಳಗೆ ಹುಳ ಮತ್ತೆ ಬಂತು. ಕಟ್ಟಿದ್ದೆಲ್ಲಿ ಅಂತೀರಿ? ನನ್ನ ಟ್ರಂಕಿನ ಬೀಗದ ಕಿಂಡಿಗೆ! ಬಟ್ಟೆಯೆಲ್ಲ ಒಳಗೆ. ಮೈಮೇಲಿನದೊಂದು, ಹಗ್ಗದ ಮೇಲಿನದೊಂದು, ಎರಡೇ ಅಂಗಿಯಲ್ಲಿ ಶಾಲೆಗೆ ಹೋದೆ. ‘ಏನ್ರಿ, ಹರಕಿ ಹೊತ್ತೀರೇನು?’ ಎಂದು ಹೆಡ್‌ಮಾಸ್ತರರು ಕೇಳಿದರು. ಹೌದೆಂದೆ. ಮರಿ ಗೂಡು ಕೊರೆದು ಹಾರಿದ ದಿನ ಗಂಗವ್ವ ಮನೆಮಂದಿಗೆಲ್ಲ ಸಕ್ಕರೆ ಹಂಚಿದಳು.

ಆಕೆಗೆ ಮಕ್ಕಳಾದವೇ ಎಂದು ಕೇಳುತ್ತೀರಿ. ಆಗಲಿಲ್ಲ. ಎಷ್ಟೋ ವರ್ಷಗಳ ಮೇಲೆ ಮಾನ್ವಿಯ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ತಾನೇ ಹೇಳಿದಳು. ಆಮೇಲೆ ನಕ್ಕು, ‘ಮಣ್ಣು ಮಾತ್ರ ದಿನಾ ಹಸಿ ಇಡ್ತೀನ್ರಿ’ ಎಂದಳು.

ಮೊನ್ನೆ ನನ್ನ ಕೂಗು ಕೇಳಿ ಹೊರಬಂದ ಹೆಂಡತಿ, ಗೂಡು ನೋಡಿ ನಕ್ಕಳು. ‘ಈ ವಯಸ್ಸಿನ್ಯಾಗ ನಮ್ಮನ್ಯಾಗ ತೊಟ್ಲಾ ಯಾರಿಗ್ರಿ?’

‘ಅದರ ಕೂಸು ಒಳಗದ’ ಎಂದೆ.

ಬಣ್ಣದವನು ಗೂಡು ಬಿಟ್ಟು ಸುತ್ತಲೂ ಬಳಿದು ಹೋದ. ನಾನು ಹಿತ್ತಲಿಗೆ ಹೋಗಿ ಒಣಗಿದ ಮಣ್ಣಿಗೆ ಒಂದು ತಂಬಿಗೆ ನೀರು ಹೊಯ್ದೆ.