ಕಡಜದ ಗೂಡು

ಚಿತ್ರದುರ್ಗದ ಪೇಟೆಯಲ್ಲಿ ಕಂಬಳಿ ಮಾರುತ್ತಿದ್ದ ತಿಪ್ಪೇರುದ್ರಪ್ಪ ಸೋಮವಾರ ಸಂಜೆ ಮಠದಲ್ಲಿ ಪ್ರವಚನ ಹೇಳುತ್ತಿದ್ದರು. ಕಡಜವನ್ನೇ ಧ್ಯಾನಿಸುವ ಹುಳು ಕಡಜವೇ ಆಗುತ್ತದೆ, ಶಿವನನ್ನು ನೆನೆದವನು ಶಿವನಾಗುತ್ತಾನೆ ಎಂಬುದು ಅವರ ಮೆಚ್ಚಿನ ದೃಷ್ಟಾಂತ.

ಪ್ಲೇಗು ಇಳಿದ ವರ್ಷ ಅವರ ಅಂಗಡಿಯ ಕಿಟಕಿಗೇ ಕಡಜವೊಂದು ಮಣ್ಣಿನ ಗೂಡು ಕಟ್ಟಿತು. ಅದು ಹಸಿರು ಹುಳುಗಳನ್ನು ಒಳಗೆ ತುಂಬಿ ಬಾಯಿ ಮುಚ್ಚುವುದನ್ನು ಭಕ್ತಿಯಿಂದ ನೋಡಿದರು. ನಾಲ್ಕನೆಯ ದಿನ ಕುತೂಹಲ ತಡೆಯದೆ ಗೂಡಿನ ಅಂಚು ಕೆರೆದರು. ಒಳಗೆ ಬಿಳಿಯ ಮರಿಯೊಂದು, ಇನ್ನೂ ಮಿಸುಕುತ್ತಿದ್ದ ಹುಳುವನ್ನು ತಿನ್ನುತ್ತಿತ್ತು.

ಮಧ್ಯಾಹ್ನ ಊಟಕ್ಕೆ ಮನೆಗೆ ಬಂದರು. "ಹುಳ ಕಡಜ ಆಗಲ್ಲ ಕಣೆ, ಕಡಜದ ಮರಿಗೆ ಊಟ ಆಗ್ತೈತೆ," ಎಂದು ಹೆಂಡತಿ ವೀರಮ್ಮನಿಗೆ ಹೇಳಿದರು.

"ಶಿವಶಿವಾ! ಮಠದಾಗೆ ಇದನ್ನ ಆಡಬ್ಯಾಡ್ರಿ," ಎಂದಳು ಆಕೆ.

ಸೋಮವಾರ ಆ ದೃಷ್ಟಾಂತದ ಹತ್ತಿರ ಬಂದಾಗ "ಕಣ್ಣು ಮಂಜಾಗ್ಯಾವೆ," ಎಂದು ಪುಸ್ತಕ ಮುಚ್ಚಿದರು. ಮತ್ತೆಂದೂ ಪ್ರವಚನಕ್ಕೆ ಕೂರಲಿಲ್ಲ.