ಬೋರಲು ಹಾಕಿದ ಫರಸಿ

ಶಹಾಬಾದಿನಲ್ಲಿ ರೈಲಿಗೆ ಇನ್ನೂ ಹೊತ್ತಿತ್ತು. ಹಲಗೆ ಬಾರಿಸುವ ಸದ್ದು ಕೇಳಿ ಹತ್ತಿರದ ಓಣಿಗೆ ನಡೆದೆ. ನಗರಸಭೆ ಚುನಾವಣೆಯಲ್ಲಿ ಗೆದ್ದ ಮಹಾದೇವಿ ಮೈತುಂಬ ಗುಲಾಲು ಹೊತ್ತು ಮನೆಗೆ ಬರುತ್ತಿದ್ದಳು.

ಮನೆಯ ಮುಂದಿನ ಕಟ್ಟೆಗೆ ಹಾಸಿದ ಫರಸಿಕಲ್ಲಿನ ಮೇಲೆ ಮಾತ್ರ ಅವಳು ಸೋಲಿಸಿದ ಪಕ್ಷದ ಗುರುತಿತ್ತು. ಪ್ರಾಯದಲ್ಲಿ ಕಲ್ಲು ಕೆಲಸ ಮಾಡುತ್ತಿದ್ದ ಅವಳ ಮುತ್ಯಾ ತಾವೇ ಕೆತ್ತಿದ್ದಂತೆ. ಅವಳ ಅಪ್ಪನೂ ಆ ಗುರುತು ಬಿಟ್ಟು ಬೇರೆಯದಕ್ಕೆ ಓಟು ಹಾಕಿದವನಲ್ಲ. ಯಾವ ಪಕ್ಷವೆಂದು ಬರೆಯುವುದಿಲ್ಲ, ಅದು ಅವರ ಮನೆಯ ಮಾತು.

ಮುತ್ಯಾ ಕೋಲೂರಿ ಕಟ್ಟೆಯಿಂದ ಎದ್ದರು. ಹಲಗೆ ನಿಂತಿತು. ಬೈಗುಳ ಬರುತ್ತದೆಂದು ಎಲ್ಲರಂತೆ ನಾನೂ ಕಾದೆ.

"ನಾಕು ಮಂದಿ ಬರ್ರಿ. ಈ ಫರಸಿ ಬೋರಲ ಹಾಕ್ರಿ," ಎಂದರು.

ಹುಡುಗರು ಹಾರೆ ಹಾಕಿ ಕಲ್ಲನ್ನು ಮಗುಚಿದರು. ಅಡಿಯ ಮೈ ಬೋಳಾಗಿತ್ತು. ಮಹಾದೇವಿ ಸೆರಗಿನಿಂದ ಮಣ್ಣು ಒರೆಸಿ, "ಮುತ್ಯಾ, ಈಗ ನಮ್ಮ ಗುರುತು ಕೆತ್ತಿ ಕೊಡ್ತೀಯೇನು?" ಎಂದಳು.

"ಬ್ಯಾಡವ್ವ. ನಾಳಿ ನಿನ್ನ ಮಕ್ಕಳೂ ಇದರ ಮ್ಯಾಲೇ ಕುಂದ್ರಬೇಕು."

ಮೊಮ್ಮಗಳನ್ನು ಆ ಬೋಳು ಕಲ್ಲಿನ ಮೇಲೆ ಕೂರಿಸಿ, ತಾವೂ ಪಕ್ಕಕ್ಕೆ ಕೂತರು. ಆಮೇಲೆ ಹಲಗೆಯವನ ಕಡೆ ಕೋಲೆತ್ತಿ ಹೇಳಿದರು:

"ಯಾಕ ನಿಂತಿ? ಬಾರಸು."