ಬ್ನೇದ್ ಅಲ್ ಗಾರ್‌ನ ಮನೆ ಮತ್ತು ಕಾಣೆಯಾದ ಸ್ಟೀಲ್ ಡಬ್ಬಿ

ಕರ್ಫ್ಯೂಗಳೆಲ್ಲ ಮುಗಿದು ಮುಖದ ಮಾಸ್ಕ್ ಜೇಬಿಗೆ ಇಳಿದ ಮೇಲಿನ ಮೊದಲ ಚಳಿಗಾಲ. ನಾನು ಆಗ ಕುವೈತ್‌ನ ಇಂಗ್ಲಿಷ್ ದಿನಪತ್ರಿಕೆಯೊಂದರ ಫೀಚರ್ಸ್ ವಿಭಾಗದಲ್ಲಿ ಹಿರಿಯ ಉಪಸಂಪಾದಕನಾಗಿದ್ದೆ. ನಿವೃತ್ತಿ ಹತ್ತಿರವಾಗಿತ್ತು. ಕೆಡವಲಿರುವ ಹಳೆಯ ಮನೆಗಳ ಬಗ್ಗೆ ವಾರಕ್ಕೊಂದು ಪುಟ ಮಾಡಬೇಕೆಂದು ಸಂಪಾದಕರು ತೀರ್ಮಾನಿಸಿದರು. ಮೊದಲ ಪುಟಕ್ಕೆ ಸಿಕ್ಕಿದ್ದು ಬ್ನೇದ್ ಅಲ್ ಗಾರ್ ಬಡಾವಣೆಯ ಒಂದು ಎರಡಂತಸ್ತಿನ ಮನೆ. ಸುತ್ತ ಎದ್ದಿದ್ದ ಅಪಾರ್ಟ್‌ಮೆಂಟ್‌ಗಳ ನಡುವೆ ಅದೊಂದು ಮಾತ್ರ ಅಂಗಳ ಉಳಿಸಿಕೊಂಡಿತ್ತು. ಅಂಗಳದ ನಡುವೆ ಒಂದು ಎಲಚಿ ಮರ.

ಮನೆಯ ಚರಿತ್ರೆ ಕಲೆಹಾಕುವುದು ಕಷ್ಟವಾಗಲಿಲ್ಲ. ಎಣ್ಣೆಯ ಹಣ ಊರಿಗೆ ಹರಿಯತೊಡಗಿದ ಕಾಲದಲ್ಲಿ ಒಬ್ಬ ವ್ಯಾಪಾರಿ ಅದನ್ನು ಕಟ್ಟಿಸಿದ. ಮಕ್ಕಳಿಗೆ ನಗರದ ಹೊರಗೆ ಸರ್ಕಾರಿ ನಿವೇಶನ ಸಿಕ್ಕಾಗ ಒಬ್ಬೊಬ್ಬರೇ ಹೊರಟರು. ಮೇಲಂತಸ್ತಿಗೆ ಪ್ಯಾಲೆಸ್ತೀನಿ ಶಿಕ್ಷಕರು ಬಾಡಿಗೆಗೆ ಬಂದರು. ಇರಾಕಿ ಆಕ್ರಮಣದ ನಂತರ ಅವರೂ ಹೋದರು. ಆಮೇಲೆ ಬಂದವರು ನಮ್ಮ ಕರಾವಳಿಯವರು. ವ್ಯಾಪಾರಿಯ ಹೆಂಡತಿ ಮಾತ್ರ ಕೆಳಗಿನ ಭಾಗ ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಬಾಡಿಗೆದಾರರೆಲ್ಲ ಆಕೆಯನ್ನು ಉಮ್ಮ ಎಂದು ಕರೆಯುತ್ತಿದ್ದರು. ಕರ್ಫ್ಯೂ ದಿನಗಳಲ್ಲಿ ಆಕೆ ಅದೇ ಮನೆಯಲ್ಲಿ ತೀರಿಕೊಂಡರು.

ಮನೆ ಈಗ ಮಗಳು ಬದ್ರಿಯಾ ಅವರ ಹೆಸರಿನಲ್ಲಿತ್ತು. ನಿವೃತ್ತ ಮುಖ್ಯೋಪಾಧ್ಯಾಯಿನಿ, ಅರವತ್ತು ದಾಟಿದವರು, ಇಂಗ್ಲಿಷನ್ನು ಪಾಠ ಒಪ್ಪಿಸಿದಂತೆ ಸ್ಪಷ್ಟವಾಗಿ ಆಡುವವರು. ಹಳೆಯ ಫೋಟೋಗಳನ್ನು ಕೊಡಲು ಒಪ್ಪಿದರು. ಒಂದು ಷರತ್ತು ಹಾಕಿದರು.

"ನನ್ನ ತಂದೆ, ನನ್ನ ತಾಯಿ, ನಾವು ಮಕ್ಕಳು. ಅಷ್ಟು ಬರೆಯಿರಿ. ಬಾಡಿಗೆಗೆ ಇದ್ದವರು ಚರಿತ್ರೆಯಲ್ಲ."

ಷರತ್ತಿಗೆ ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ನಮ್ಮ ಡೆಸ್ಕಿನ ನಿಯಮ ಸರಳ: ಎರಡು ಮೂಲಗಳು ದೃಢಪಡಿಸದ ಮಾತು ಅಚ್ಚಾಗುವುದಿಲ್ಲ. ಮನೆಯ ಕೊನೆಯ ಮೂವತ್ತು ವರ್ಷಗಳಿಗೆ ಮೂಲ ಬೇಕೆಂದರೆ ಬಾಡಿಗೆದಾರರನ್ನೇ ಕೇಳಬೇಕಿತ್ತು.

ಮೊದಲು ಹೋದದ್ದು ಫರ್ವಾನಿಯಾಕ್ಕೆ. ಅಲ್ಲಿ ಮಗನ ಫ್ಲ್ಯಾಟಿನಲ್ಲಿ ಫೆಲ್ಸಿ ಬಾಯಿ ಇದ್ದರು. ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರು, ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತರಾದವರು. ಯುದ್ಧ ಮುಗಿದ ಮೇಲೆ ಆ ಮನೆಯ ಮೇಲಂತಸ್ತಿನ ಎಡಭಾಗಕ್ಕೆ ಬಂದ ಮೊದಲ ಕುಟುಂಬ ಅವರದು.

"ಉಮ್ಮನ ಬಿಪಿ ನೋಡ್ತಿದ್ದದ್ದು ನಾನು. ಮಾತ್ರೆ ಕೊಡ್ತಿದ್ದದ್ದು ನಾನು. ರಂಜಾನಿಗೆ ಉಮ್ಮನ ತಟ್ಟೆ ಮೊದಲು ಬರ್ತಿದ್ದದ್ದು ನನ್ನ ಬಾಗಿಲಿಗೆ" ಎಂದರು. ರಂಜಾನ್ ತಿಂಗಳಲ್ಲಿ ನೆರೆಮನೆಗಳಿಗೆ ತಟ್ಟೆಯಲ್ಲಿ ಅಡುಗೆ ಕಳಿಸುವುದು ಕುವೈತಿಗಳ ಪದ್ಧತಿ. ತಟ್ಟೆಯನ್ನು ಬರಿದಾಗಿ ಹಿಂದಿರುಗಿಸುವಂತಿಲ್ಲ. ನಮ್ಮ ಕರಾವಳಿಯಲ್ಲೂ ಅದೇ ಕ್ರಮವಾದ್ದರಿಂದ ಆ ಮನೆಯ ಮೆಟ್ಟಿಲಲ್ಲಿ ಪಾತ್ರೆಗಳು ವರ್ಷವಿಡೀ ಮೇಲೆ ಕೆಳಗೆ ಓಡಾಡುತ್ತಿದ್ದವು.

"ಬಲಭಾಗದಲ್ಲಿ ಸುನಂದಾ ಅವರೂ ಇದ್ದರಲ್ಲ?" ಎಂದೆ.

ಫೆಲ್ಸಿ ಬಾಯಿ ಗಲ್ಲ ಒರೆಸಿಕೊಂಡರು. "ಇದ್ದಳು. ಆಮೇಲೆ ಬಂದವಳು. ಅವಳ ಹೆಸ್ರು ಹಾಕುದಾದ್ರೆ ಸಣ್ಣಕ್ಕೆ ಹಾಕಿ."

ಸುನಂದಾ ಉಡುಪಿ ಕಡೆಯವರು, ಮನೆಮಾತು ತುಳು. ಗಂಡ ಒಂದು ಹೋಟೆಲಿನ ಕ್ಯಾಶ್ ಕೌಂಟರಿನಲ್ಲಿದ್ದರು. ಉಮ್ಮ ಹೋದ ಮೇಲೆ ಅದೇ ಬೀದಿಯ ಇನ್ನೊಂದು ಕಟ್ಟಡಕ್ಕೆ ಬಂದಿದ್ದರು. ಅಡುಗೆಮನೆಯ ಕಿಟಕಿಯಿಂದ ಎಲಚಿ ಮರ ಕಾಣುತ್ತಿತ್ತು. ನಾನು ಕೂರುವ ಮೊದಲೇ ಕೇಳಿದರು:

"ಫೆಲ್ಸಿ ಬಾಯಿ ಹತ್ರ ಹೋಗಿ ಬಂದ್ರಾ? ಮೊದ್ಲು ಅಲ್ಲಿಗೇ ಹೋದದ್ದಾ?"

"ಅವರು ಮೊದಲು ಬಂದವರಲ್ಲವೇ?"

"ಮೊದ್ಲು ಬಂದವ್ರು ಮೊದ್ಲು ಬಿಟ್ಟೂ ಹೋದ್ರಲ್ಲ ಮಾರ್ರೆ! ಮಗ ಫರ್ವಾನಿಯಾದಲ್ಲಿ ಫ್ಲ್ಯಾಟ್ ಮಾಡಿದ ಕೂಡ್ಲೇ ಟಾಟಾ. ಕರ್ಫ್ಯೂನಲ್ಲಿ ಉಮ್ಮನಿಗೆ ಗಂಜಿ ಕೊಟ್ಟದ್ದು ಯಾರು? ನಾನು. ಆದ್ರೂ ನಮ್ಮವ್ರಿಗೆ ಇವತ್ತಿಗೂ ಅದು 'ಫೆಲ್ಸಿ ಬಾಯಿ ಮನೆ'. ಟ್ಯಾಕ್ಸಿಯವ್ನಿಗೆ ದಾರಿ ಹೇಳುವಾಗ್ಲೂ ನನ್ನ ಬಾಯಲ್ಲೇ ಆ ಹೆಸ್ರು ಬರ್ಬೇಕು."

ಅವರಿಗೆ ಅವಸರವಿತ್ತು. ಗಂಡನ ಕೆಲಸ ಮುಗಿದಿತ್ತು, ಇಕಾಮಾ, ಅಂದರೆ ವಾಸದ ಪರವಾನಗಿ, ಆ ತಿಂಗಳ ಕೊನೆಯವರೆಗೆ ಮಾತ್ರ. ಅಟ್ಟದೆತ್ತರ ರಟ್ಟಿನ ಪೆಟ್ಟಿಗೆಗಳು ಹಗ್ಗ ಬಿಗಿಸಿಕೊಂಡು ಸಾಲಾಗಿ ನಿಂತಿದ್ದವು. "ಆ ಮನೆ ಬೀಳ್ತದೆ, ನಾವೂ ಹೋಗ್ತೇವೆ. ಆಮೇಲೆ ಸುನಂದಾ ಅಂತ ಒಬ್ಳು ಇಲ್ಲಿದ್ಳು ಅಂತ ಯಾರು ಹೇಳ್ತಾರೆ? ಪೇಪರಲ್ಲಿ ಒಂದು ಗೆರೆ ಬರ್ಬೇಕು. ಉಮ್ಮನಿಗೆ ಕೊನೇ ತುತ್ತು ಕೊಟ್ಟದ್ದು ನಾನು ಅಂತ."

ಹೊರಡುವಾಗ ಇನ್ನೊಂದು ದೂರು ಹೇಳಿದರು. ಅಣ್ಣ ಮದುವೆಗೆ ಕೊಟ್ಟ ಸ್ಟೀಲ್ ಡಬ್ಬಿಯೊಂದು ಆ ಮನೆಯಲ್ಲಿ ಕಾಣೆಯಾಗಿತ್ತಂತೆ. ನೀರು ದೋಸೆ ಹಾಕಿ ಉಮ್ಮನಿಗೆ ಇಳಿಸಿದ್ದು, ಹಿಂದೆ ಬರಲಿಲ್ಲ. ಉಮ್ಮನ ಅಡುಗೆಮನೆಯಲ್ಲೂ ಇರಲಿಲ್ಲ. ಆ ವಾರ ಫೆಲ್ಸಿ ಬಾಯಿ ಉಮ್ಮನನ್ನು ನೋಡಲು ಫರ್ವಾನಿಯಾದಿಂದ ಬಂದು ಹೋಗಿದ್ದರು.

"ಕದ್ದದ್ದು ಅಂತ ಹೇಳುದಿಲ್ಲ ನಾನು" ಎಂದರು ಸುನಂದಾ. "ಆದ್ರೆ ಡಬ್ಬಿಗೆ ಕಾಲಿಲ್ಲ."

ಆಗ ಫೆಲ್ಸಿ ಬಾಯಿಗೂ ಇದೇ ಮಾತು ಹೇಳಿದ್ದರಂತೆ. ಅಂದಿನಿಂದ ಇಬ್ಬರಿಗೂ ಮಾತಿರಲಿಲ್ಲ.

ನನ್ನ ಬಳಿ ಈಗ ಎರಡು ಮೂಲಗಳಿದ್ದವು. ಒಂದು ಹೇಳಿದ್ದನ್ನು ಇನ್ನೊಂದು ಅಲ್ಲಗಳೆಯುತ್ತಿತ್ತು. ಫೋಟೋಗಳಿಗಾಗಿ ಬದ್ರಿಯಾ ಅವರ ಮನೆಗೆ ಎರಡನೆಯ ಸಲ ಹೋದೆ. ಅವರು ಆಲ್ಬಮ್ ತೆರೆದರು, ಮುಚ್ಚಿದರು. ಬಾಡಿಗೆದಾರರನ್ನು ಕಂಡದ್ದು ಅವರಿಗೆ ಗೊತ್ತಾಗಿತ್ತು.

"ಏನು ಹೇಳಿದರು? ಅಮ್ಮ ತಮ್ಮನ್ನು ಮಗಳಂತೆ ನೋಡಿಕೊಂಡಳು ಅಂತಲೇ?"

"ಹೆಚ್ಚುಕಡಿಮೆ ಹಾಗೆಯೇ."

"ವಲ್ಲಾಹಿ, ನಾನು ಅಮ್ಮನಿಗೆಂದು ಈ ಮನೆಯಲ್ಲಿ ಕೋಣೆ ಕಟ್ಟಿಸಿದೆ. ಲಿಫ್ಟ್ ಹಾಕಿಸಿದೆ. ಒಂದು ರಾತ್ರಿಯೂ ಉಳಿಯಲಿಲ್ಲ. ಮೇಲಿನ ಹುಡುಗಿಯರು ಕಾಯುತ್ತಾರೆ ಎನ್ನುತ್ತಿದ್ದಳು. ಹುಡುಗಿಯರು! ಅವರಿಗೂ ನನ್ನದೇ ವಯಸ್ಸು." ಮಾತು ತಣ್ಣಗೇ ಇತ್ತು. ಮನೆ ಕೆಡವುವ ಅವಸರಕ್ಕೆ ಕಾರಣ ನಿವೇಶನದ ಬೆಲೆಯೊಂದೇ ಅಲ್ಲವೆಂದು ನನಗೆ ಆಗ ಹೊಳೆಯಿತು.

ಆಮೇಲೆ ಅವರೇ ಎದ್ದು ನನ್ನನ್ನು ಅಡುಗೆಮನೆಗೆ ಕರೆದರು. "ಅವರಿಗೆ ತಟ್ಟೆಗಳು ಹೋಗುತ್ತಿದ್ದವು. ನಿಜ. ಆದರೆ ಅಮ್ಮ ತನ್ನ ಕೈಯಾರೆ ಮಾಡಿದ್ದು ನನಗೆ ಬರುತ್ತಿತ್ತು. ಪ್ರತಿ ಶುಕ್ರವಾರ ಡ್ರೈವರ್ ತರುತ್ತಿದ್ದ. ಬಿಳಿಯ ರೊಟ್ಟಿ, ಕರವಸ್ತ್ರದ ಹಾಗೆ ತೆಳ್ಳಗೆ, ನಾಲ್ಕು ಮಡಿಕೆ. ಕುವೈತಿನಲ್ಲಿ ಬೇರೆ ಯಾರಿಗೂ ಅದನ್ನು ಮಾಡಲು ಬರುವುದಿಲ್ಲ. ಇದನ್ನು ಬರೆಯಿರಿ." ಕಪಾಟಿನ ಮೇಲಿನ ಸಾಲಿನಿಂದ ಬಟ್ಟೆ ಸುತ್ತಿದ ಒಂದು ಡಬ್ಬಿ ಇಳಿಸಿದರು. "ಕರ್ಫ್ಯೂಗೆ ಮುಂಚಿನ ಕೊನೆಯ ಶುಕ್ರವಾರದ್ದು. ಹಿಂದಿರುಗಿಸಲು ಆಗಲೇ ಇಲ್ಲ."

ಡಬ್ಬಿಯ ಮುಚ್ಚಳದ ಮೇಲೆ ಚುಕ್ಕಿಗಳ ಸಾಲಿತ್ತು. ಉಡುಗೊರೆಯ ಪಾತ್ರೆಗೆ ಅಂಗಡಿಯಲ್ಲೇ ಸಣ್ಣ ಮೆಷಿನ್ ಹಿಡಿದು ಹೆಸರು ಕೊರೆಸುವುದು ನಮ್ಮೂರಿನ ರೂಢಿ. ಕನ್ನಡದಲ್ಲಿ ಹೀಗಿತ್ತು: ಸುನಂದಾಳಿಗೆ, ಅಣ್ಣನಿಂದ.

ನಾನು ಓದುತ್ತಿದ್ದುದನ್ನು ಬದ್ರಿಯಾ ನೋಡಿದರು. "ಅದು ಹೂಬಳ್ಳಿ ಅಲ್ಲವೇ?"

"ಅಲ್ಲ. ಹೆಸರು."

"ಯಾರದು?"

ಹೇಳಿದೆ. ಆ ರೊಟ್ಟಿಯನ್ನು ನಮ್ಮಲ್ಲಿ ನೀರು ದೋಸೆ ಎನ್ನುತ್ತಾರೆ ಎಂಬುದನ್ನೂ ಹೇಳಿದೆ. ಅವರು ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಮತ್ತೆ ಬಟ್ಟೆ ಸುತ್ತಿದರು. "ಖಲಾಸ್. ಫೋಟೋ ತೆಗೆದುಕೊಂಡು ಹೋಗಿ."

ಕಚೇರಿಗೆ ಬಂದು ಸಂಪಾದಕರಿಗೆ, ಬದ್ರಿಯಾ ಇನ್ನು ಒಪ್ಪಲಿಕ್ಕಿಲ್ಲ, ಈ ಪುಟ ನಿಂತಿತು ಎಂದೆ. ಎರಡು ದಿನ ಬಿಟ್ಟು ಬದ್ರಿಯಾ ಅವರ ಫೋನ್ ಬಂತು. ಶನಿವಾರ ಬೆಳಿಗ್ಗೆ ಕೆಲಸಗಾರರು ಬಾಗಿಲು ಬಿಚ್ಚಲು ಬರುತ್ತಾರೆ, ಅದಕ್ಕೆ ಮುಂಚೆ ಆ ಇಬ್ಬರನ್ನೂ ಮನೆಗೆ ಕರೆತರಬೇಕು.

ಮೂವರೂ ಎಲಚಿ ಮರದ ಕೆಳಗೆ ನಿಂತರು. ಬದ್ರಿಯಾ ಚೀಲದಿಂದ ಡಬ್ಬಿ ತೆಗೆದರು. ಸುನಂದಾ ಡಬ್ಬಿಯನ್ನು ನೋಡಿ ಫೆಲ್ಸಿ ಬಾಯಿಯನ್ನು ನೋಡಿದರು.

"ಎಂತ ನೋಡುದು?" ಎಂದರು ಫೆಲ್ಸಿ ಬಾಯಿ. "ಡಬ್ಬಿಗೆ ಕಾಲು ಬಂತಾ ಸುನಂದಕ್ಕ?"

ನಾನು ಇಂಗ್ಲಿಷಿನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ ದಾಟಿಸುತ್ತ ನಿಂತೆ. ಶುಕ್ರವಾರಗಳ ಕಥೆ ಕೇಳಿ ಸುನಂದಾ ಅವರ ಮುಖ ಕೆಂಪಾಯಿತು. "ಅಂದ್ರೆ ಉಮ್ಮ ತಿನ್ಲೇ ಇಲ್ವಾ? ಖಾಲಿ ಮಾಡಿದೆ, ಬಹಳ ರುಚಿ ಅಂತ ಹೇಳ್ತಿದ್ರು ನನ್ನತ್ರ. ಎಲ್ಲ ಇವ್ರಿಗೆ ಹೋದದ್ದಾ?"

ಬದ್ರಿಯಾ ಇನ್ನೊಂದು ನೆನಪು ಮಾಡಿಕೊಂಡರು. "ಕೆಲವು ಸಲ ಉಬ್ಬಿದ ಬಿಳಿ ರೊಟ್ಟಿಯೂ ಬರುತ್ತಿತ್ತು, ಐಸ್‌ಕ್ರೀಮ್ ಡಬ್ಬಿಯಲ್ಲಿ. ಅದೂ ಚೆನ್ನಾಗಿತ್ತು."

"ನನ್ನ ಸನ್ನಾಣ!" ಎಂದರು ಫೆಲ್ಸಿ ಬಾಯಿ. ಅಷ್ಟರಲ್ಲಿ ಸುನಂದಾ ಅವರ ಮುಖ ಇನ್ನಷ್ಟು ಕೆಂಪಾಗಿತ್ತು.

ಬದ್ರಿಯಾ ಕೇಳಬೇಕೆಂದಿದ್ದುದು ಬೇರೆ ಇತ್ತು. ಅದನ್ನು ಕೇಳುವಾಗ ಮರದ ಕಡೆ ತಿರುಗಿದ್ದರು. "ಕೊನೆಯ ದಿನಗಳಲ್ಲಿ ನಾನು ಬರಲಾಗಲಿಲ್ಲ. ಕರ್ಫ್ಯೂ ಪಾಸ್ ಸಿಗಲಿಲ್ಲ. ಅಮ್ಮ ಊಟ ಮಾಡುತ್ತಿದ್ದಳೇ?"

ಪೇಪರಿನಲ್ಲಿ ಬರಬೇಕೆಂದು ಸುನಂದಾ ಹಟ ಹಿಡಿದಿದ್ದ ಗೆರೆಯೇ ಈ ಪ್ರಶ್ನೆಗೆ ಉತ್ತರವಾಗಿತ್ತು.

"ಅರ್ಧ ತಿಂತಿದ್ರು" ಎಂದರು. "ಅರ್ಧ ಮುಚ್ಚಿಡು ಅಂತ ಕೈ ಮಾಡ್ತಿದ್ರು. ಗಂಜಿಯಾದ್ರೂ ಸರಿ, ದೋಸೆಯಾದ್ರೂ ಸರಿ. ಯಾರಿಗೆ ಅಂತ ಹೇಳ್ಲಿಲ್ಲ. ನಾನು ಫೆಲ್ಸಿ ಬಾಯಿಗೆ ಅಂತ ಎಣಿಸಿ ಹೊಟ್ಟೆ ಉರ್ಕೊಂಡಿದ್ದೆ. ಎದುರಿಗಿರುವವಳು ನಾನು, ಎತ್ತಿಡುದು ಬಿಟ್ಟು ಹೋದವ್ಳಿಗಾ ಅಂತ. ಬೇಕಂತಲೇ ನಾನೇ ತಿಂದು ಬಿಡ್ತಿದ್ದೆ." ಆಮೇಲೆ ನನ್ನ ಕಡೆ ತಿರುಗಿದರು: "ಅದು ಇವ್ರಿಗೆ ಎತ್ತಿಟ್ಟದ್ದು. ಹೇಳಿ ಅವ್ರಿಗೆ."

ಹೇಳಿದೆ. ಬೀದಿಯಲ್ಲಿ ಲಾರಿ ಬಂದು ನಿಂತಿತು. ಬದ್ರಿಯಾ ಡಬ್ಬಿಯನ್ನು ಸುನಂದಾ ಕಡೆ ಚಾಚಿದರು. ಮುಚ್ಚಳ ಸಡಿಲವಾಗಿತ್ತು; ಒಳಗೆ ಖರ್ಜೂರ ತುಂಬಿತ್ತು. ಬರಿದಾಗಿ ಹಿಂದಿರುಗಿಸುವಂತಿರಲಿಲ್ಲ.

ಸುನಂದಾ ಖರ್ಜೂರವನ್ನು ಸೆರಗಿಗೆ ಸುರಿದುಕೊಂಡು ಡಬ್ಬಿಯನ್ನು ತಿರುಗಿ ಬದ್ರಿಯಾ ಅವರ ಕೈಗಿಟ್ಟರು.

"ನನ್ನ ಪೆಟ್ಟಿಗೆಗಳೆಲ್ಲ ಕಟ್ಟಿಯಾಗಿದೆ. ಇದು ಅಲ್ಲೇ ಇರ್ಲಿ" ಎಂದರು. ಆಮೇಲೆ ನನಗೆ ಮಾತ್ರ ಕೇಳುವ ಹಾಗೆ: "ಕಪಾಟು ತೆಗೆದಾಗೆಲ್ಲ ನನ್ನ ಹೆಸ್ರು ಕಾಣ್ಲಿ. ಇದನ್ನು ಹೇಳ್ಬೇಡಿ."

ಆ ಮಾತೊಂದನ್ನು ನಾನು ದಾಟಿಸಲಿಲ್ಲ.

ಪುಟ ಅಚ್ಚಾಯಿತು. ಬದ್ರಿಯಾ ತಮ್ಮ ಷರತ್ತನ್ನು ಹಿಂತೆಗೆದುಕೊಂಡಿದ್ದರು. ಬಂದ ಕ್ರಮದಲ್ಲಿ ಹೆಸರು ಹಾಕುವುದು ನಮ್ಮ ಪದ್ಧತಿ, ಹಾಗಾಗಿ ಫೆಲ್ಸಿ ಬಾಯಿಯ ಹೆಸರು ಮೊದಲು ಬಂತು. ಕರ್ಫ್ಯೂ ದಿನಗಳಲ್ಲಿ ಮನೆಯೊಡತಿಗೆ ಊಟ ಕೊಟ್ಟವರು ಸುನಂದಾ ಎಂಬುದಕ್ಕೆ ಒಂದು ವಾಕ್ಯ. ಪುಟದ ನಡುವೆ ಡಬ್ಬಿಯ ಮುಚ್ಚಳದ ಚಿತ್ರ. ಇಂಗ್ಲಿಷ್ ಪತ್ರಿಕೆಯ ಮಧ್ಯೆ ಚುಕ್ಕಿ ಚುಕ್ಕಿ ಕನ್ನಡ. ವಿಮಾನ ಹತ್ತುವ ಮುನ್ನ ಸುನಂದಾ ಹತ್ತು ಪ್ರತಿ ಕೊಂಡರೆಂದು ಅವರ ಗಂಡ ಹೇಳಿದರು.

ಅದೇ ದಿನ ಫೆಲ್ಸಿ ಬಾಯಿ ಫೋನ್ ಮಾಡಿದರು. "ನನ್ನ ಹೆಸ್ರು ಮೊದ್ಲು ಉಂಟು, ಸರಿ. ಆದ್ರೆ ಅವಳದ್ದು ಇಷ್ಟು ದೊಡ್ಡಕ್ಕೆ ಯಾಕೆ?"

ಮನೆಯೊಂದರ ಚರಿತ್ರೆ ಬರೆಯುವವನು ಅದನ್ನು ಬಹಳ ಪ್ರೀತಿಸಿದವರನ್ನು ಹುಡುಕಿಕೊಂಡು ಹೋಗುತ್ತಾನೆ. ಪ್ರೀತಿಸಿದವರು ಎಷ್ಟೋ ವಿಷಯ ಮರೆತಿರುತ್ತಾರೆ. ಯಾವ ತಟ್ಟೆ ಯಾರ ಬಾಗಿಲಿಗೆ ಹೋಯಿತು, ಯಾರ ಪಾಲನ್ನು ಮುಚ್ಚಿಟ್ಟಿದ್ದರು ಎಂಬುದನ್ನು ನೆನಪಿಟ್ಟುಕೊಳ್ಳುವವರು ಹೊಟ್ಟೆಕಿಚ್ಚುಪಟ್ಟವರು. ಅವರು ಹೇಳುವ ಸಂಗತಿ ಬಹುಪಾಲು ನಿಜ; ಅದಕ್ಕೆ ಅವರು ಕಟ್ಟಿದ ಕಾರಣ ಮಾತ್ರ ತಪ್ಪು. ಅಂಥ ಸಾಕ್ಷಿಯ ಮಾತನ್ನು ನಾನು ಆಮೇಲೆ ಯಾವತ್ತೂ ಸಣ್ಣಕ್ಕೆ ಹಾಕಲಿಲ್ಲ.